ಕಾವೇರಿ ಕೋಲಾರಕ್ಕೆ ಹೋದ ವರ್ಷ

ಡಿಸೆಂಬರ್ ತಿಂಗಳು ಬಂತೆಂದರೆ ಆ ವರ್ಷದ ವಿಜ್ಞಾನವಾರ್ತೆಗಳನ್ನು ಸಾಲಾಗಿ ಜೋಡಿಸಿ ಪ್ರಕಟಿಸುವುದು ಪತ್ರಿಕೆಗಳ ಸಂಪ್ರದಾಯ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಆ ಪಟ್ಟಿಯಲ್ಲಿ ಅರ್ಧ ಭಾಗ ಅರ್ಥವಾಗುವುದಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವೇನೂ ಇಲ್ಲ. ಆದರೂ ವಿಜ್ಞಾನದ ದೃಷ್ಟಿಯಿಂದ ನೆನೆಯಬೇಕಾದ ಒಂದು ವರ್ಷವನ್ನು ಆರಿಸೆಂದು ಯಾರಾದರೂ ಕೇಳಿದರೆ ನಾನು ಹಿಂದುಮುಂದು ನೋಡದೆ 1902ನೆಯ ಇಸವಿಯನ್ನು ಹೇಳಿಯೇನು. ಇದರಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ನನ್ನ ಊರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಆ ವರ್ಷದ ದೊಡ್ಡ ಸುದ್ದಿಗಳಲ್ಲೊಂದು ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲಿ.

ಹೊರಗಿನ ಪ್ರಪಂಚವನ್ನು ನೋಡಿದರೂ ಅದು ಬಡ ವರ್ಷವಲ್ಲ. ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ಸೋಸಿ, ಕಟ್ಟಕಡೆಗೆ ಒಂದು ಗ್ರಾಮಿನ ಹತ್ತರಲ್ಲೊಂದು ಪಾಲು ರೇಡಿಯಂ ಕ್ಲೋರೈಡನ್ನು ಪಡೆದದ್ದು ಆಗ. ಮಾರ್ಕೋನಿ ಕೆನಡಾದಿಂದ ಅಟ್ಲಾಂಟಿಕ್ ಸಾಗರದಾಚೆಗೆ ತಂತಿಯಿಲ್ಲದೆ ಸಂದೇಶ ಕಳಿಸಿದ್ದು ಆ ಡಿಸೆಂಬರಿನಲ್ಲಿ. ನೈಲ್ ನದಿಗೆ ಆಸ್ವಾನಿನಲ್ಲಿ ಕಟ್ಟೆ ಪೂರ್ಣಗೊಂಡದ್ದು ಅದೇ ತಿಂಗಳು. ಮಲೇರಿಯ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದೂ ಆ ವರ್ಷವೇ. ಈ ರಾಸ್ ಕೆಲವು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಗೆ ಹೆಣಗಿದವರು.

ಇನ್ನು ನಮ್ಮ ಶಿವನಸಮುದ್ರಕ್ಕೆ ಬರೋಣ. ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡದ ಕನ್ನಡಿಗರು ವಿರಳ. ಭರಚುಕ್ಕಿಯ ಕಡೆಯ ಕೊಳ್ಳೇಗಾಲ 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಕಡೆಯದು ಮೈಸೂರು. ಯಾತ್ರಿಕರ ಕಣ್ಣಿಗೆ ಹಬ್ಬವಾಗಿದ್ದ ಈ ನೀರಿನಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಸಂಸ್ಥಾನದ ಆದಾಯವನ್ನು ಕಂಡರು. ಕೋಲಾರದ ಚಿನ್ನದ ಗಣಿಗಳಲ್ಲಿ ನೀರೆತ್ತುವುದು, ಕಲ್ಲು ಕುಟ್ಟುವುದು ಎಲ್ಲವೂ ಉಗಿಯಂತ್ರಗಳಿಂದ ನಡೆಯುತ್ತಿತ್ತು. ಆ ಯಂತ್ರಗಳ ಹೊಟ್ಟೆ ತುಂಬುವುದು ದುಬಾರಿಯ ಕೆಲಸ. ಕಾವೇರಿಯ ಶಕ್ತಿಯನ್ನು ಗಣಿಗಳಿಗೆ ಮಾರಬಾರದೇಕೆ?

ಈ ಯೋಚನೆಯನ್ನು ಕಾರ್ಯರೂಪಕ್ಕೆ ತಂದವರು ಸಂಸ್ಥಾನದ ಇಂಜಿನಿಯರಾಗಿದ್ದ ಎ. ಸಿ. ಜೋಲಿ ಡಿ ಲಾಟ್‌ಬಿನಿಯೇರ್. ಇವರು ಕೆನಡಾದ ಕ್ವಿಬೆಕ್ ಪ್ರಾಂತದವರು. ತಂದೆ ಆ ಪ್ರಾಂತದ ಪ್ರಧಾನಿಯಾಗಿದ್ದವರು. ಇವರು ಯೂರೋಪು, ಅಮೆರಿಕಗಳಿಗೆ ಹೋಗಿ ಹೊಸ ವಿದ್ಯೆಯನ್ನು ಕಣ್ಣಾರೆ ಕಂಡುಬಂದರು. ನಯಾಗರದ ಶಕ್ತಿ 1896ರಲ್ಲಿ ಬಫಲೋ ನಗರವನ್ನು ಮುಟ್ಟಿತ್ತು. ಅದು ಮೂವತ್ತು ಮೈಲಿಯೂ ಇರದ ದಾರಿ. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ 92 ಮೈಲಿ! ಅನೇಕರು ತಲೆಯಲ್ಲಾಡಿಸಿದ್ದರೆ ಅದು ಅವರ ತಪ್ಪಲ್ಲ.

ವಿದ್ಯುತ್ತನ್ನು ದೂರ ಒಯ್ಯುವಲ್ಲಿ ಇರುವ ತೊಡಕು ಸರಳವಾದುದು. ತಂತಿಯಲ್ಲಿ ಪ್ರವಾಹ ಹೆಚ್ಚಿದಷ್ಟೂ ಅದು ಕಾಯುತ್ತದೆ. ಶಕ್ತಿ ಶಾಖವಾಗಿ ಪೋಲಾಗುತ್ತದೆ. ಒತ್ತಡವನ್ನು ಹತ್ತು ಪಟ್ಟು ಏರಿಸಿದರೆ, ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತರಲ್ಲೊಂದು ಪಾಲು ಪ್ರವಾಹ ಸಾಕು. ಆಗ ಅದೇ ತಂತಿಯಲ್ಲಿ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಇಲ್ಲಿ ಒತ್ತಡವನ್ನು 35,000 ವೋಲ್ಟಿಗೆ ಏರಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿದ್ಯುದ್ಯಂತ್ರಗಳೂ ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪೆನಿಯ ನೀರಿನ ಚಕ್ರಗಳೂ ಹಡಗಿನಲ್ಲಿ ಬಂದು, ಮದ್ದೂರಿನವರೆಗೆ ರೈಲಿನಲ್ಲಿ ಸಾಗಿದವು. ಅಲ್ಲಿಂದ ಮುಂದೆ ಸುಮಾರು 30 ಮೈಲಿ ರೈಲಿಲ್ಲ (ಮಳವಳ್ಳಿಗೆ ಇಂದಿಗೂ ಇಲ್ಲ). ಆ ಭಾರವನ್ನೆಲ್ಲ ಎತ್ತಿನ ಗಾಡಿಗಳೂ ಆನೆಗಳೂ ಎಳೆದು ತಂದವು. ಇಪ್ಪತ್ತನೆಯ ಶತಮಾನ ನಮ್ಮ ತಾಲ್ಲೂಕನ್ನು ಪ್ರವೇಶಿಸಿದ್ದು ಆನೆಯ ಹೆಜ್ಜೆಯಲ್ಲಿ.

ತಲಾ 720 ಕಿಲೋವಾಟಿನ ಆರು ಯಂತ್ರಗಳು ಸಿದ್ಧವಾಗಿ, 1902ರ ಜೂನ್ 30ರಂದು ಶಕ್ತಿ ಗಣಿಗಳಿಗೆ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಹದಿನೆಂಟು ವರ್ಷ ದಿವಾನರಾಗಿ 1901ರಲ್ಲಿ ನಿವೃತ್ತರಾದ ಅವರು ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ನಮ್ಮ ಕಡೆಯ ಭಾಷಣಗಳಲ್ಲಿ ಇದನ್ನು ‘ಏಷ್ಯದಲ್ಲೇ ಮೊದಲನೆಯದು’, ‘ಜಗತ್ತಿನಲ್ಲೇ ಉದ್ದದ ಸಾಲು’ ಎಂದು ಹೊಗಳುವುದುಂಟು. ಅಭಿಮಾನ ಒಳ್ಳೆಯದೇ, ಆದರೆ ಜಪಾನಿನ ಕ್ಯೋಟೋದಲ್ಲಿ 1891ರಲ್ಲೂ ನಮ್ಮದೇ ದೇಶದ ಡಾರ್ಜಿಲಿಂಗಿನಲ್ಲಿ 1897ರಲ್ಲೂ ಜಲವಿದ್ಯುತ್ ಕೇಂದ್ರಗಳು ಕೆಲಸಮಾಡತೊಡಗಿದ್ದವು, ಕ್ಯಾಲಿಫೋರ್ನಿಯದಲ್ಲಿ 1901ರಲ್ಲೇ 142 ಮೈಲಿಯ ಸಾಲಿತ್ತು. ಅಂದಿನ ಜಗತ್ತಿನ ಅತಿ ಉದ್ದದ ಸಾಲುಗಳಲ್ಲಿ ಇದೂ ಒಂದು ಎಂದರೆ ಸಾಲದೆ?

ನನ್ನ ಮನಸ್ಸನ್ನು ಕಾಡುವುದು ಬೇರೆ ಸಂಗತಿ. ಆ ತಂತಿ ಶಿವನಸಮುದ್ರದಿಂದ ಹೊರಟು ನಮ್ಮೂರಿಗೆ ಬೆನ್ನು ಹಾಕಿ ಈಶಾನ್ಯಕ್ಕೆ ನಡೆಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅರ್ಧ ಶತಮಾನ ಕಳೆದ ಮೇಲೆ ನಮ್ಮ ಅಜ್ಜಿ ಸೊಸೆಯಾಗಿ ಪೂರಿಗಾಲಿಗೆ ಬಂದಾಗ ಮನೆಯಲ್ಲಿದ್ದದ್ದು ಸೀಮೆಎಣ್ಣೆಯ ಬುಡ್ಡಿ. ಅದನ್ನು ಗೂಡಿನಲ್ಲಿಟ್ಟು ಅದರ ಬೆಳಕಿನಲ್ಲೇ ಮುದ್ದೆ ತಿರುವುತ್ತಿದ್ದರಂತೆ. ಕಾವೇರಿ ನಮ್ಮವಳು, ಬೆಳಕು ಬೇರೆಯವರದು. ಗಣಿಗಳಿಂದ ಬಂದ ಹಣ ಸಂಸ್ಥಾನದ ಎಷ್ಟೋ ಒಳ್ಳೆಯ ಕೆಲಸಗಳಿಗೆ ಒದಗಿತೆಂಬುದನ್ನು ಬಲ್ಲೆ. ಆದರೂ ಆ ಬುಡ್ಡಿಯ ಹೊಗೆ ಕುಡಿದವರ ಮುಂದೆ ಆ ಮಾತನ್ನಾಡಲು ನನಗೆ ನಾಲಗೆ ಏಳುವುದಿಲ್ಲ.

ಚಿಕ್ಕಂದಿನಲ್ಲಿ ಅಜ್ಜಿ ಒಮ್ಮೆ ಕೇಳಿದ್ದರು: “ಅಲ್ಲ ಕನ ಮಗ, ನೀರಿನ ಸತ್ವನೆಲ್ಲ ಅವರು ತಕ್ಕಂಡ್‌ಬಿಟ್ರೆ ಗದ್ದೆಗೆ ಏನ್ ಉಳೀತದೆ?” ಅಂದು ಉತ್ತರ ಹೊಳೆಯಲಿಲ್ಲ. ನೀರು ಕಳೆದುಕೊಳ್ಳುವುದು ತನ್ನ ಎತ್ತರವನ್ನು ಮಾತ್ರ. ಸುಮಾರು 400 ಅಡಿ ಕೊಳವೆಯಲ್ಲಿ ಇಳಿದು ಚಕ್ರವನ್ನು ತಿರುಗಿಸಿ, ಹನಿಯೂ ಕಡಮೆಯಾಗದೆ ಮತ್ತೆ ಹೊಳೆಯನ್ನೇ ಸೇರುತ್ತದೆ. ಆದರೆ ಅಜ್ಜಿಯ ಪ್ರಶ್ನೆ ಪೂರ್ತಿ ತಪ್ಪೂ ಅಲ್ಲ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಯಂತ್ರಗಳಿಗೂ ನೀರು ಸಾಲದಾಯಿತು. ಆ ಕೊರತೆಯನ್ನು ನೀಗುವುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು. ಮಂಡ್ಯದ ಗದ್ದೆಗಳು ಹಸುರಾದದ್ದು ಆ ಕಟ್ಟೆಯಿಂದ. ಹೀಗೆ ಕೋಲಾರಕ್ಕೆ ಹೋದ ಕಾವೇರಿ ಸುತ್ತುದಾರಿಯಲ್ಲಿ ಜಿಲ್ಲೆಗೆ ಮರಳಿದಳೆನ್ನಬಹುದು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಶಿವನಸಮುದ್ರದ ಕೇಂದ್ರ ಇಂದಿಗೂ ಇದೆ. ಪೂರಿಗಾಲಿಯ ಹೆಸರಿನಲ್ಲೇ ಸರ್ಕಾರ ಹನಿ ನೀರಾವರಿ ಯೋಜನೆಯೊಂದನ್ನು ಕೈಗೊಂಡಿದೆ. ನೀರನ್ನು ಎತ್ತಿ ಕೊಳವೆಗಳಿಗೆ ತುಂಬಲು ವಿದ್ಯುತ್ತೇ ಬೇಕು. ಅಜ್ಜಿ ಈಗಿಲ್ಲ. ಅವರ ಬುಡ್ಡಿಯನ್ನು ಬಿಸಾಡಲು ಅಮ್ಮ ಒಪ್ಪಿಲ್ಲ. ಕಳೆದ ಬೇಸಗೆಯಲ್ಲಿ ನಾನು ಊರಿಗೆ ಹೋಗಿದ್ದಾಗ ಕರೆಂಟು ಹೋಯಿತು. ಅಮ್ಮ ಗೂಡಿನತ್ತ ಕೈಚಾಚಿ, ಕತ್ತಲಲ್ಲಿಯೇ ಅದನ್ನು ಹುಡುಕಿ ತೆಗೆದರು.