ಪ್ರೋಗ್ರಾಂ ರನ್ ಆಯಿತು, ಉತ್ತರ ಸರಿಯಿದೆಯೇ?

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದು ಹೇಳಲಾಗದು. ಇದು ಅಕೌಂಟೆನ್ಸಿ ಓದುವ ನಮಗೆಲ್ಲ ಗೊತ್ತು. ಒಂದು ವ್ಯವಹಾರವನ್ನು ಬರೆಯಲು ಪೂರ್ತಿ ಮರೆತರೆ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಎರಡೂ ಕಡೆಯ ಮೊತ್ತ ಸಮನಾಗಿಯೇ ಬರುತ್ತದೆ. ಅಂಗಡಿಗೆ ಕೊಂಡ ಕುರ್ಚಿ ಮೇಜನ್ನು ಖರೀದಿ ಖಾತೆಗೆ ಬರೆದರೂ ತಾಳೆಯಾಗುತ್ತದೆ. ಆದರೆ ಕಂಪ್ಯೂಟರ್ ಲ್ಯಾಬಿಗೆ ಹೋದಾಗ ಈ ಪಾಠ ನೆನಪಿರುವುದಿಲ್ಲ. ಪರದೆಯಲ್ಲಿ ಎರರ್ ಬರಲಿಲ್ಲವೆಂದರೆ "ಮೇಡಂ, ಔಟ್‌ಪುಟ್ ಬಂತು" ಎಂದು ರೆಕಾರ್ಡ್ ಪುಸ್ತಕ ಮುಂದಿಡುವವರೇ ಹೆಚ್ಚು.

ಒಂದು ಸಣ್ಣ ಉದಾಹರಣೆ ನೋಡಿ. ಬಟ್ಟೆ ಅಂಗಡಿಯೊಂದರಲ್ಲಿ 1000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬಿಲ್ಲಿಗೆ ಶೇ. 10 ರಿಯಾಯಿತಿ. ಪೈಥಾನ್‌ನಲ್ಲಿ ಇದನ್ನು "ಇಫ್ ಬಿಲ್ > 1000" ಎಂದು ಬರೆದೆವು ಎಂದುಕೊಳ್ಳೋಣ. 1500 ಕೊಟ್ಟರೆ 1350 ಬರುತ್ತದೆ, ಸರಿ. 500 ಕೊಟ್ಟರೆ 500, ಅದೂ ಸರಿ. ಈಗ ಸರಿಯಾಗಿ 1000 ಕೊಡಿ. 900 ಬರಬೇಕಿತ್ತು, 1000 ಬರುತ್ತದೆ. ಗಿರಾಕಿಯಿಂದ ನೂರು ರೂಪಾಯಿ ಹೆಚ್ಚಿಗೆ ವಸೂಲಾಯಿತು. ಅವರು ಕೇಳಿದರೆ ಕ್ಯಾಶಿಯರ್ ಏನು ಹೇಳುತ್ತಾರೆ? "ಕಂಪ್ಯೂಟರ್ ಬಿಲ್ ರೀ, ತಪ್ಪಾಗಲ್ಲ."

ಇಲ್ಲಿ ಬೇಕಿದ್ದುದು >= ಎಂಬ ಚಿಹ್ನೆ. ಇಂತಹ ತಪ್ಪುಗಳು ಹೆಚ್ಚಾಗಿ ಗಡಿಯಲ್ಲೇ ಅಡಗಿರುತ್ತವೆ. ಆದ್ದರಿಂದ ನಿಯಮ 1000ದಲ್ಲಿ ಬದಲಾಗುವುದಾದರೆ 999, 1000, 1001 ಮೂರನ್ನೂ ಕೊಟ್ಟು ನೋಡಬೇಕು. ಆಮೇಲೆ ಸೊನ್ನೆ, ಮೈನಸ್ ಸಂಖ್ಯೆ, ಖಾಲಿ ಎಂಟರ್.

ಇದಕ್ಕಿಂತ ಮುಖ್ಯವಾದದ್ದು, ರನ್ ಮಾಡುವ ಮೊದಲೇ ಬರಬೇಕಾದ ಉತ್ತರವನ್ನು ಕಾಗದದ ಮೇಲೆ ಬರೆದಿಡುವುದು. ಪರದೆಯ ಉತ್ತರವನ್ನು ಮೊದಲು ನೋಡಿದರೆ ಮನಸ್ಸು ಅದಕ್ಕೇ ಹೂಂ ಎನ್ನುತ್ತದೆ.

ಟೆಸ್ಟ್ ಎಂದ ಕೂಡಲೇ ನಮಗೆ ಅಂಕ, ಭಯ ನೆನಪಾಗುತ್ತವೆ. (ಪ್ರೋಗ್ರಾಮರ್‌ಗಳೂ ತಮ್ಮ ಒಂದು ಬಗೆಯ ತಪಾಸಣೆಗೆ ಯೂನಿಟ್ ಟೆಸ್ಟ್ ಎಂದೇ ಹೆಸರಿಟ್ಟಿದ್ದಾರೆ, ಪಾಪ!) ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಬೇರೆಯೇ ಪದವಿದೆ: ಜಾಂಚ್. ತರಕಾರಿ ಕೊಳ್ಳುವಾಗ ತಿರುಗಿಸಿ ನೋಡುತ್ತೇವಲ್ಲ, ಅದು. ಕೋಡಿಗೆ ಬೇಕಾದದ್ದು ಅದೇ.

ಎರರ್ ಬಾರದೆ ಮೋಸ ಮಾಡುವ ಇನ್ನೆರಡು ಸಂಗತಿಗಳಿವೆ. ಪೈಥಾನ್‌ನ ಇನ್‌ಪುಟ್ ನಾವು ಟೈಪ್ ಮಾಡಿದ್ದನ್ನು ಅಕ್ಷರಗಳಾಗಿಯೇ ತೆಗೆದುಕೊಳ್ಳುತ್ತದೆ. ಇಂಟ್ ಹಾಕದೆ 12 ಮತ್ತು 13 ಕೂಡಿಸಿದರೆ 25 ಬರುವುದಿಲ್ಲ, 1213 ಬರುತ್ತದೆ. ಎರಡನೆಯದು ಕಾಮರ್ಸ್‌ನವರು ಗಮನಿಸಲೇಬೇಕಾದದ್ದು. 0.1 + 0.2 ಎಂದು ಕೊಟ್ಟು ನೋಡಿ, 0.30000000000000004 ಬರುತ್ತದೆ. ಮೂರನೇ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ಪೂರ್ತಿ ಬರೆಯಲಾಗದಂತೆ, 0.1 ಅನ್ನು ಕಂಪ್ಯೂಟರ್ ತನ್ನ ಬೈನರಿಯಲ್ಲಿ ಪೂರ್ತಿ ಬರೆಯಲಾರದು. ಹಣದ ಲೆಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕಗಳಾಗಿ ಇಟ್ಟುಕೊಂಡರೆ ಕೂಡಿಸುವಾಗ ಈ ತೊಂದರೆ ಇರುವುದಿಲ್ಲ.

ತಪ್ಪು ಸಿಕ್ಕಿದ ಮೇಲೆ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸಬೇಕು. ಒಂದು ಕಡೆ ರಿಪೇರಿ ಮಾಡುವಾಗ ಇನ್ನೊಂದು ಕಡೆ ಕೆಡುವುದುಂಟು. ಎ, ಬಿ, ಸಿ ಎಂಬ ಹೆಸರುಗಳನ್ನು ಬಿಲ್, ರಿಯಾಯಿತಿ ಎಂದು ಬದಲಾಯಿಸಿ ಕೋಡನ್ನು ಚೊಕ್ಕ ಮಾಡುವುದೂ ಆಮೇಲೆಯೇ.

ಇಷ್ಟು ಮಾಡಿದರೂ ಪೂರ್ತಿ ನಿಶ್ಚಿಂತೆ ಇಲ್ಲ. ಪರೀಕ್ಷೆ ತಪ್ಪು ಇದೆಯೆಂದು ತೋರಿಸಬಲ್ಲದೇ ಹೊರತು ಇಲ್ಲವೆಂದು ತೋರಿಸಲಾರದು ಎಂಬ ಅರ್ಥದ ಮಾತನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1969ರಲ್ಲೇ ಹೇಳಿದ್ದರು. ಟ್ರಯಲ್ ಬ್ಯಾಲೆನ್ಸಿನ ಕಥೆಯೂ ಇದೇ ಅಲ್ಲವೇ?

ನಮ್ಮ ಉಪನ್ಯಾಸಕರಲ್ಲಿ ಒಂದು ಕೋರಿಕೆ. ವಾರಕ್ಕೊಮ್ಮೆ ಲ್ಯಾಬಿನಲ್ಲಿ ಎರರ್ ಇಲ್ಲದೆ ಓಡುವ, ಆದರೆ ಒಳಗೆ ತಪ್ಪಿರುವ ಪ್ರೋಗ್ರಾಂ ಒಂದನ್ನು ಕೊಡಿ. ಅದನ್ನು ಕೆಡಿಸುವ ಇನ್‌ಪುಟ್ ಯಾವುದೆಂದು ನಾವು ಹುಡುಕುತ್ತೇವೆ. ಅದು ಬೇಗ ಮುಗಿದರೆ ಪಕ್ಕದವರ ಪ್ರೋಗ್ರಾಂ ಇದ್ದೇ ಇದೆ.