ಸಂತೆಯ ದಿನದ ಹಳದಿ ಗುಳಿಗೆ

ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಿಂದ ಹುಬ್ಬಳ್ಳಿಯತ್ತ ಹೊರಡುವ ಮುಂಜಾನೆಯ ಬಸ್ಸಿನಲ್ಲಿ ದೊಡ್ಡ ದವಾಖಾನೆಗೆ ಹೊರಟ ವೃದ್ಧರನ್ನು ಗುರುತಿಸುವುದು ಪ್ರಯಾಸದ ಕೆಲಸವಲ್ಲ. ಒಂದು ಕೈಯಲ್ಲಿ ರೊಟ್ಟಿಯ ಬುತ್ತಿ, ಇನ್ನೊಂದರಲ್ಲಿ ಮೂರು ನಾಲ್ಕು ವೈದ್ಯರ ಚೀಟಿಗಳನ್ನೂ ಅರ್ಧ ತೀರಿದ ಗುಳಿಗೆಯ ಪಟ್ಟಿಗಳನ್ನೂ ಒಟ್ಟಾಗಿ ತುರುಕಿದ ಪ್ಲಾಸ್ಟಿಕ್ ಚೀಲ. ಆ ಚೀಲವನ್ನು ಬಿಚ್ಚಿ ಓದುವ ವಿದ್ಯೆಯೊಂದು ಉಂಟೆಂಬುದೂ, ಅದರ ಅಭ್ಯಾಸಕ್ಕೆ ಆರು ವರ್ಷಗಳ ಕಾಲ ಬೇಕೆಂಬುದೂ ನನಗೆ ತಿಳಿದದ್ದು, ಬಂಧುವೊಬ್ಬರ ಶುಶ್ರೂಷೆಗಾಗಿ ಬೋಧನಾಸ್ಪತ್ರೆಯೊಂದರ ವಾರ್ಡಿನಲ್ಲಿ ಕೆಲವು ದಿನ ಕಳೆಯಬೇಕಾಗಿ ಬಂದಾಗ.

ಪಕ್ಕದ ಮಂಚದಲ್ಲಿ ಅಣ್ಣಿಗೇರಿ ಕಡೆಯ ಮುದುಕಿಯೊಬ್ಬಳಿದ್ದಳು. ಬಹುಕಾಲದ ಸಂಧಿವಾತ, ಈಗ ಜ್ವರ, ಬಾಯಿ ತುಂಬ ಹುಣ್ಣು. ಬಿಳಿಯ ಕೋಟಿನ ತರುಣಿಯೊಬ್ಬಳು, ವೈದ್ಯಳಲ್ಲ, ಔಷಧಶಾಸ್ತ್ರದ ಫಾರ್ಮ್.ಡಿ. ಪದವಿಯ ಇಂಟರ್ನ್, ಆಕೆಯ ಚೀಲವನ್ನು ಕಂಬಳಿಯ ಮೇಲೆ ಸುರುವಿ, ಗುಳಿಗೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೇಳಿದಳು: “ಆಯೀ, ನಿನ್ನೆ ಮುಂಜಾನಿ ಇದರಾಗ ಯಾವ್ಯಾವ ತಗೊಂಡ್ರಿ?”

“ಈ ಎರಡೂ ಹಳದೀವು ಯವ್ವಾ. ದಿನಾ ನುಂಗತೇನಿ, ಒಂದ ದಿನಾನೂ ತಪ್ಪಿಸಿಲ್ಲ.”

ಹಳದಿಯವೆರಡರಲ್ಲಿ ಒಂದು ಫೋಲಿಕ್ ಆಮ್ಲ, ನಿರುಪದ್ರವಿ. ಇನ್ನೊಂದು ಮೆಥೋಟ್ರೆಕ್ಸೇಟ್, ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡತಕ್ಕದ್ದು, ನಿತ್ಯವೂ ಸೇವಿಸಿದರೆ ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯನ್ನೇ ಕುಂದಿಸಿ ಪ್ರಾಣಕ್ಕೆ ಎರವಾಗತಕ್ಕದ್ದು. ‘ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳುತ್ತೀರಿ?’ ಎಂದು ರೂಢಿಯಂತೆ ಕೇಳಿದ್ದರೆ ‘ಡಾಕ್ಟರು ಹೇಳಿದಷ್ಟು’ ಎಂಬ ಉತ್ತರ ಬಂದು, ಸತ್ಯವು ಚೀಲದಲ್ಲೇ ಉಳಿದುಬಿಡುತ್ತಿತ್ತು. ಅರ್ಧ ಗಂಟೆಯೊಳಗೆ ವಿಷಯ ವೈದ್ಯರಿಗೆ ತಲುಪಿ, ಆ ಗುಳಿಗೆ ನಿಂತು, ಪ್ರತ್ಯೌಷಧವಾದ ಫೋಲಿನಿಕ್ ಆಮ್ಲ ಆರಂಭವಾಯಿತು. ಬಿಡುಗಡೆಯ ದಿನ ಆ ಹುಡುಗಿ ಕೇಳಿದ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲಿಯೂ ಇರಲಾರದು.

“ನಿಮ್ಮೂರ ಸಂತಿ ಯಾವತ್ತ ಆಯೀ?”

“ಸುಕ್ಕರವಾರ.”

“ಹಂಗಾರ ಡಾಕ್ಟರು ಮತ್ತ ಚಾಲೂ ಮಾಡ್ರಿ ಅಂದಮ್ಯಾಲೆ, ಇದು ಸಂತಿ ದಿನ ಅಷ್ಟ. ಉಳಿದ ದಿನ ಮುಟ್ಟಬ್ಯಾಡ್ರಿ.” ಹೀಗೆಂದು ಆ ಪಟ್ಟಿಗೆ ಕೆಂಪು ದಾರ ಸುತ್ತಿ, ಬೇರೆಯೇ ಒಂದು ಲಕೋಟೆಯಲ್ಲಿಟ್ಟಳು.

ಔಷಧಜ್ಞನು ಅಂಗಡಿಯ ಗಲ್ಲೆಯನ್ನು ಬಿಟ್ಟು ರೋಗಿಯ ಮಂಚದ ಬಳಿಗೆ ಬಂದ ಕಥೆ ಬಹಳ ಹಳೆಯದಲ್ಲ. ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಾರ್ವೆ ವಿಟ್ನಿ ಎಂಬವರು 1927ರಲ್ಲಿ ಇಂಥ ತರಬೇತಿಗೆ ಮೊದಲಿಟ್ಟರು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಒಂಬತ್ತನೆಯ ಮಹಡಿಯಲ್ಲಿ ಔಷಧಜ್ಞರು ವಾರ್ಡಿನಲ್ಲೇ ನೆಲೆಯೂರಿದರು. ನಮ್ಮಲ್ಲಿ ಮೈಸೂರಿನ ಜೆ.ಎಸ್.ಎಸ್. ಔಷಧ ಮಹಾವಿದ್ಯಾಲಯವು ಕಳೆದ ಶತಮಾನದ ಕೊನೆಯ ದಶಕದಲ್ಲಿ ಈ ಮಾರ್ಗವನ್ನು ತುಳಿಯಿತು. ಭಾರತೀಯ ಫಾರ್ಮಸಿ ಪರಿಷತ್ತು 2008ರಲ್ಲಿ ಫಾರ್ಮ್.ಡಿ. ನಿಯಮಗಳನ್ನು ವಿಧಿಸಿತು: ಐದು ವರ್ಷಗಳ ವ್ಯಾಸಂಗ, ಬಳಿಕ ಒಂದು ವರ್ಷ ಆಸ್ಪತ್ರೆಯ ವಾಸ, ಅದರಲ್ಲಿ ಆರು ತಿಂಗಳು ಸಾಮಾನ್ಯ ವೈದ್ಯಕೀಯದಲ್ಲಿ, ಉಳಿದಾರು ತಿಂಗಳು ಎರಡೆರಡರಂತೆ ಬೇರೆ ಮೂರು ವಿಭಾಗಗಳಲ್ಲಿ. ಬಿ.ಫಾರ್ಮ್. ಮುಗಿಸಿ ಬಂದವರಿಗೆ ಮೂರೇ ವರ್ಷದ ಹಾದಿ. ಆದರೆ ಅವರಿಗೂ ಕೊನೆಯ ವರ್ಷದ ವಾರ್ಡು ತಪ್ಪದು.

ಆ ವಾರ್ಡಿನ ಪಾಠ ನಮ್ಮ ಹೊಲಗಳಿಂದಲೇ ಬರುತ್ತದೆ. ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಕ್ರಿಮಿನಾಶಕವನ್ನು ನಮ್ಮ ರೈತರು ‘ಎಣ್ಣಿ’ ಎನ್ನುತ್ತಾರೆ. ‘ಎಣ್ಣಿ ಕುಡದಾನ್ರಿ’ ಎಂದು ನಡುರಾತ್ರಿಯಲ್ಲಿ ಗಾಡಿಯಿಂದ ಇಳಿಸಿಕೊಂಡವನ ಮಟ್ಟಿಗೆ, ಕುಡಿದದ್ದು ಯಾವ ಎಣ್ಣೆ ಎಂಬುದೇ ಅರ್ಧ ಚಿಕಿತ್ಸೆ. ಹೆಸರು ಓದಬಲ್ಲವರು ಜೊತೆಗೆ ಬಂದಿರುವುದಿಲ್ಲ. ಆದರೆ ಡಬ್ಬಿಯ ಮೇಲಿನ ಚೌಕದಲ್ಲಿ ಕೆಳಗಿನ ತ್ರಿಕೋನ ಕೆಂಪೋ, ಹಳದಿಯೋ, ನೀಲಿಯೋ, ಹಸಿರೋ ಎಂದು ಕೇಳಿದರೆ ಹತ್ತು ವರ್ಷದ ಮಗನೂ ಹೇಳಬಲ್ಲ. ಕೆಂಪು ಅತ್ಯುಗ್ರ ವಿಷ, ಹಸಿರು ಎಲ್ಲಕ್ಕಿಂತ ಸೌಮ್ಯ. ಆರ್ಗನೋಫಾಸ್ಫೇಟ್ ವರ್ಗದ ವಿಷವಾದರೆ ಅಟ್ರೋಪಿನ್ ಬೇಕು, 0.6 ಮಿಲಿಗ್ರಾಮಿನ ಆಂಪೂಲುಗಳು ಒಬ್ಬನಿಗೇ ಹತ್ತಾರು ಖರ್ಚಾಗುವಾಗ, ದಾಸ್ತಾನು ಬೆಳಗಿನವರೆಗೆ ಸಾಕಾದೀತೇ, ರೋಗಿಯ ನಾಡಿಯೂ ಜ್ವರವೂ ಔಷಧ ಅತಿಯಾದುದನ್ನು ಸೂಚಿಸುತ್ತಿವೆಯೇ ಎಂದು ನೋಡುವ ಇನ್ನೊಂದು ಜೊತೆ ಕಣ್ಣು ಇರುವುದು ಲೇಸು.

ಇಲ್ಲಿಯೇ ನನ್ನ ತಕರಾರು. ಈ ತರಬೇತಿಗೆ ಮುನ್ನೂರು ಹಾಸಿಗೆಗಳ ಆಸ್ಪತ್ರೆ ಬೇಕೆಂದು ನಿಯಮವಿರುವುದರಿಂದ ಕಲಘಟಗಿ, ಕುಂದಗೋಳಗಳ ತಾಲೂಕು ಆಸ್ಪತ್ರೆಗಳು ತಾವಾಗಿ ಗುರುಕುಲವಾಗಲಾರವು. ಹಳ್ಳಿಯ ರೋಗಿ ನಗರಕ್ಕೆ ಪಾಠವಾಗಿ ಬರುತ್ತಾನೆ, ಪಾಠ ಕಲಿತವರು ಹಳ್ಳಿಗೆ ಮರಳುವುದಿಲ್ಲ. ಮರಳಿದರೂ ಅಲ್ಲಿರುವುದು ಕಿಟಕಿಯ ಹಿಂದೆ ನಿಂತು ಗುಳಿಗೆ ಎಣಿಸಿ ಕೊಡುವ ಹುದ್ದೆ. ಎದುರಿಗೆ ಕೈಚಾಚಿದ ಸಾಲು ಬಾಗಿಲಾಚೆ ಬೆಳೆದಿರುವಾಗ ಸಂತೆಯ ದಿನ ಯಾವುದೆಂದು ಕೇಳುವ ಪುರಸತ್ತು ಆ ಬಡಪಾಯಿಗೆ ಎಲ್ಲಿಂದ ಬರಬೇಕು? ಎಂ.ಬಿ.ಬಿ.ಎಸ್. ಮುಗಿಸಿದ ಇಂಟರ್ನ್‌ಗಳಿಗೆ ಸಮುದಾಯ ವೈದ್ಯಕೀಯದ ಅವಧಿಯೊಂದು ಕಡ್ಡಾಯವಾಗಿದೆ. ಔಷಧ ಕಲಿತವರ ಹನ್ನೆರಡು ತಿಂಗಳಲ್ಲಿ ಒಂದನ್ನು ತಾಲೂಕು ಆಸ್ಪತ್ರೆಗೆ ಮೀಸಲಿಡುವುದು ಪರಿಷತ್ತಿಗೂ ಸರ್ಕಾರಕ್ಕೂ ದುಸ್ಸಾಧ್ಯವೇನಲ್ಲ, ಮಾಡಲಿ.

ಅಷ್ಟರವರೆಗೆ ಓದುಗರಲ್ಲಿ ಒಂದು ಅರಿಕೆ. ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ, ಖಾಲಿ ಪಟ್ಟಿಗಳ ಸಹಿತ, ಒಯ್ಯಿರಿ. ಔಷಧದಿಂದ ಬಾಧೆಯಾಯಿತೆಂಬ ಸಂಶಯ ಬಂದರೆ ಮೊದಲು ವೈದ್ಯರಿಗೆ ತೋರಿಸಿ, ಬಳಿಕ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ತಿಳಿಸಿರಿ, ಕರೆಗೆ ಶುಲ್ಕವಿಲ್ಲ.