ತಿಮ್ಮಯ್ಯನವರ ಪೈಲಟ್ ಯಾರು ಗೊತ್ತೇ?

ಜನರಲ್ ತಿಮ್ಮಯ್ಯನವರನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಪರಿಚಯಿಸಬೇಕಿಲ್ಲ. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ. ಪಾಕಿಸ್ತಾನದೊಂದಿಗಿನ ಮೊದಲ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್‌ನಲ್ಲಿ, ಹಿಮ ಬೀಳುತ್ತಿದ್ದ ಝೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುಗಳನ್ನು ಕಂಗೆಡಿಸಿದ ಅವರ ಕಥೆ ಕೊಡಗಿನ ಮಕ್ಕಳಿಗೂ ಗೊತ್ತು. ಆದರೆ ಆ ಕಥೆಯ ಹಿಂದಿನ ಪುಟವನ್ನು ತಿರುವಿ ನೋಡಿದಾಗ ನನಗೆ ಸಿಕ್ಕ ಮನುಷ್ಯನನ್ನು ಏನೆಂದು ಬಣ್ಣಿಸಲಿ!

ಟ್ಯಾಂಕುಗಳಿಗಿಂತ ಐದು ತಿಂಗಳು ಮೊದಲು, ಅದೇ ವರ್ಷದ ಮೇ 24ರಂದು, ತಿಮ್ಮಯ್ಯ ಒಂದು ಡಕೋಟಾ ವಿಮಾನ ಹತ್ತಿ ಶ್ರೀನಗರದಿಂದ ಲೇಹ್‌ಗೆ ಹೋದರು. ಹೋದರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಯಾಣ ಅದಲ್ಲ. ಆ ದಾರಿಯಲ್ಲಿ ಅದುವರೆಗೆ ಯಾರೂ ವಿಮಾನ ಒಯ್ದಿರಲಿಲ್ಲ. ಪೈಲಟ್ ಕೈಯಲ್ಲಿ ಆ ಮಾರ್ಗದ ನಕಾಶೆ ಇರಲಿಲ್ಲ. ವಿಮಾನದಲ್ಲಿ ಉಸಿರಿಗೆ ಬೇರೆ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ, ರೆಕ್ಕೆಗೆ ಕಟ್ಟುವ ಮಂಜನ್ನು ಕಳಚುವ ಸಾಧನವೂ ಇರಲಿಲ್ಲ. ಆ ಕಡೆ ಇಳಿಯಬೇಕಿದ್ದುದು ಮರಳು-ಜಲ್ಲಿಯ ಒಂದು ಪಟ್ಟಿಯ ಮೇಲೆ.

ಇಂಥ ವಿಮಾನದ ಚುಕ್ಕಾಣಿ ಹಿಡಿದು ಕೂತವನು ಯಾರೋ ಮೀಸೆ ಚಿಗುರದ ಸಾಹಸಿ ಹುಡುಗನಿರಬೇಕು ಅಂದುಕೊಂಡಿರಾ? ಅಲ್ಲ. ಜಮ್ಮು-ಕಾಶ್ಮೀರದ ಆಕಾಶದ ಕಾರ್ಯಾಚರಣೆಯನ್ನೆಲ್ಲ ನಡೆಸುತ್ತಿದ್ದ ನಂಬರ್ 1 ಆಪರೇಷನಲ್ ಗ್ರೂಪಿನ ಮುಖ್ಯಸ್ಥರೇ ಖುದ್ದಾಗಿ ಕೂತಿದ್ದರು! ಏರ್ ಕಮೊಡೋರ್ ಮೆಹರ್ ಸಿಂಗ್. ಭೂಸೇನೆಯ ಲೆಕ್ಕದಲ್ಲಿ ಬ್ರಿಗೇಡಿಯರ್‌ಗೆ ಸಮನಾದ ಹುದ್ದೆ. ವಾಯುಪಡೆಯವರ ಬಾಯಲ್ಲಿ ‘ಬಾಬಾ’. ಈ ಬಾಬಾಗೆ ಆಗಿನ್ನೂ 33 ವರ್ಷ.

ಮೇಜಿನ ಹಿಂದೆ ಕೂತು ಕಿರಿಯರನ್ನು ಕಳಿಸಿ ವರದಿ ಕಾಯಬಹುದಾಗಿದ್ದ ಅಧಿಕಾರಿ ಅವರು. ಅವರ ಬದುಕನ್ನು ಬಗೆದಷ್ಟೂ ಕಾಣುವುದು ಒಂದೇ ಪವಾಡ: ಹುದ್ದೆ ಏರುತ್ತಲೇ ಹೋಯಿತು, ಮನುಷ್ಯ ಮಾತ್ರ ಕಾಕ್‌ಪಿಟ್ ಬಿಟ್ಟು ಇಳಿಯಲೇ ಇಲ್ಲ.

1915ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಲಯಾಲ್‌ಪುರದಲ್ಲಿ ಹುಟ್ಟಿದರು. ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ಹಾರಾಟ ಕಲಿತು 1936ರಲ್ಲಿ ಅಧಿಕಾರಿಯಾದರು. ಆಗ ಭಾರತೀಯ ವಾಯುಪಡೆ ಹುಟ್ಟಿ ನಾಲ್ಕೇ ವರ್ಷ, ಇದ್ದುದು ಒಂದೇ ಸ್ಕ್ವಾಡ್ರನ್. ವಿಮಾನವೋ, ನೆತ್ತಿಯ ಮೇಲೆ ಮುಚ್ಚಳವಿಲ್ಲದ, ಎರಡು ಅಂತಸ್ತಿನ ರೆಕ್ಕೆಯ ವಾಪಿಟಿ. ಅದರಲ್ಲಿ ಇವರನ್ನು ಕಳಿಸಿದ್ದು ವಜೀರಿಸ್ತಾನದ ಗುಡ್ಡಗಳ ಮೇಲೆ. ಕೆಳಗೆ ಬಂದೂಕು ಹಿಡಿದ ಬುಡಕಟ್ಟು ಜನ; ವಿಮಾನ ಕಣಿವೆಯೊಳಗೆ ತಗ್ಗಿ ಹಾರಿದರೆ ಅವರು ಗುಡ್ಡದ ಮೇಲಿಂದ ಕೆಳಮುಖವಾಗಿ ಗುಂಡು ಹಾರಿಸುತ್ತಿದ್ದರು! ಆ ಪ್ರದೇಶದಲ್ಲಿ ಹಾರುವವರ ಜೇಬಿನಲ್ಲಿ ಒಂದು ಚೀಟಿ ಇರುತ್ತಿತ್ತು: ಈ ವ್ಯಕ್ತಿಯನ್ನು ಕೈಕಾಲು ಊನ ಮಾಡದೆ ತಂದೊಪ್ಪಿಸಿದವರಿಗೆ ಸರ್ಕಾರ ಇನಾಮು ಕೊಡುತ್ತದೆ ಎಂದು ಸ್ಥಳೀಯ ಭಾಷೆಯಲ್ಲಿ ಬರೆದದ್ದು. ಮೆಹರ್ ಸಿಂಗ್ ವಿಮಾನಕ್ಕೂ ಗುಂಡು ತಾಗಿತು, ಗುಡ್ಡಗಳ ನಡುವೆಯೇ ಅದನ್ನು ಇಳಿಸಬೇಕಾಯಿತು. ಅವರೂ ಅವರ ಗನ್ನರ್ ಗುಲಾಂ ಅಲಿಯೂ ಕತ್ತಲಲ್ಲಿ ಕಲ್ಲುಮುಳ್ಳು ತುಳಿಯುತ್ತ, ಹುಡುಕುವವರ ಕಣ್ಣು ತಪ್ಪಿಸಿ ಸೇನೆಯ ಠಾಣೆ ಸೇರಿದರು. ಮರುದಿನವೇ ಬಾಬಾ ಮತ್ತೆ ಆಕಾಶದಲ್ಲಿ!

ಎರಡನೇ ಮಹಾಯುದ್ಧ ಬಂತು. ಹೊಸದಾಗಿ ಕಟ್ಟಿದ ಆರನೇ ಸ್ಕ್ವಾಡ್ರನ್ನಿಗೆ ಮೆಹರ್ ಸಿಂಗ್ ನಾಯಕ. ಹರಿಕೇನ್ ವಿಮಾನಗಳೊಂದಿಗೆ ಬರ್ಮಾ ಗಡಿಯ ಕಾಕ್ಸ್ ಬಜಾರ್ ಕಡೆಗೆ. ಕೆಲಸ ಬಾಂಬು ಹಾಕುವುದಲ್ಲ, ನೋಡಿ ಬರುವುದು. ಮರದ ನೆತ್ತಿ ಸವರಿಕೊಂಡು ಜೋಡಿಯಾಗಿ ಹಾರಬೇಕು. ಒಬ್ಬ ಕೆಳಗಿನ ಕಾಡಿನಲ್ಲಿ ಜಪಾನೀಯರನ್ನು ಹುಡುಕುತ್ತಾನೆ, ಇನ್ನೊಬ್ಬ ಅವನ ಬೆನ್ನು ಕಾಯುತ್ತಾನೆ. ಈ ಸ್ಕ್ವಾಡ್ರನ್ ಎಂಥ ಹೆಸರು ಗಳಿಸಿತೆಂದರೆ ಅದನ್ನು ‘ಹದಿನಾಲ್ಕನೇ ಸೇನೆಯ ಕಣ್ಣು’ ಎಂದೇ ಕರೆದರು. 1944ರಲ್ಲಿ ನಾಯಕನ ಎದೆಗೆ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವೀಸ್ ಆರ್ಡರ್) ಪದಕ ಬಂತು. ಆ ಯುದ್ಧದಲ್ಲಿ ಈ ಪದಕ ಪಡೆದ ಭಾರತೀಯ ವಾಯುಪಡೆಯ ಅಧಿಕಾರಿ ಇವರೊಬ್ಬರೇ.

ಇಷ್ಟಕ್ಕೇ ಒಂದು ಜೀವಮಾನದ ಕಥೆ ಸಾಕಲ್ಲವೇ? ನಿಜವಾದ ಬೆರಗು ಇನ್ನು ಮುಂದಿದೆ.

1947ರ ನವೆಂಬರ್. ಪೂಂಛ್ ಪಟ್ಟಣವನ್ನು ಶತ್ರುಗಳು ಸುತ್ತುವರಿದಿದ್ದರು. ಒಳಗೆ ಬ್ರಿಗೇಡಿಯರ್ ಪ್ರೀತಂ ಸಿಂಗ್ ಅವರ ಸೈನಿಕರು, ಜೊತೆಗೆ ಹಳ್ಳಿಗಳಿಂದ ಓಡಿ ಬಂದ ಸಾವಿರಾರು ನಿರಾಶ್ರಿತರು. ರಸ್ತೆ ಬಂದ್. ಅನ್ನ ಬರಬೇಕಾದರೂ ಮದ್ದುಗುಂಡು ಬರಬೇಕಾದರೂ ಆಕಾಶದಿಂದಲೇ ಬರಬೇಕು. ಆ ನಿರಾಶ್ರಿತರೇ ಗುದ್ದಲಿ, ಬುಟ್ಟಿ ಹಿಡಿದು ಸೈನಿಕರ ಜೊತೆ ನೆಲ ಸಮ ಮಾಡಿ ಒಂದು ರನ್‌ವೇ ಮಾಡಿಬಿಟ್ಟರು! ಆದರೆ ಡಕೋಟಾಕ್ಕೆ ಅದು ಎಲ್ಲಿ ಸಾಕಾದೀತು? ಸುತ್ತ ಗುಡ್ಡ, ಗುಡ್ಡದ ಮೇಲೆ ಶತ್ರುವಿನ ತೋಪು. ಮೊದಲು ಇಳಿದು ತೋರಿಸಿದವರು ಯಾರು? ಮತ್ತೆ ಬಾಬಾ. ಗ್ರೂಪ್ ಕಮಾಂಡರ್ ಇಳಿದ ಮೇಲೆ ಉಳಿದವರು ಆಗುವುದಿಲ್ಲ ಎನ್ನುವುದು ಹೇಗೆ? ಶತ್ರುವಿನ ಗುಂಡು ಹಗಲು ಬಿಡಲಿಲ್ಲ ಎಂದಾಗ ರಾತ್ರಿ ಇಳಿದರು, ರನ್‌ವೇ ಅಂಚಿಗೆ ಎಣ್ಣೆ ದೀಪ ಇಟ್ಟುಕೊಂಡು. ಆ ದೀಪಗಳ ನಡುವೆ ಫಿರಂಗಿಗಳು ಬಂದಿಳಿದವು. ವಾಪಸು ಹೋಗುವಾಗ ವಿಮಾನ ಖಾಲಿ ಹೋಗಲಿಲ್ಲ. ಹೆಂಗಸರು, ಮಕ್ಕಳು, ಗಾಯಾಳುಗಳು ಅದರಲ್ಲಿ ಪಾರಾದರು. ಒಂದು ವರ್ಷ ಮುತ್ತಿಗೆಯಲ್ಲಿದ್ದರೂ ಪೂಂಛ್ ಬೀಳಲಿಲ್ಲ.

ಡಕೋಟಾ ಸಾಮಾನು ಸಾಗಿಸುವ ವಿಮಾನ. ಬಾಂಬರ್ ಬೇಕಾದಾಗ ಬಾಬಾ ಏನು ಮಾಡಿದರು ಗೊತ್ತೇ? ಬಾಗಿಲ ಬಳಿ ಬಾಂಬುಗಳನ್ನು ಪೇರಿಸಿ, ಗುರಿಯ ಮೇಲೆ ಬಂದಾಗ ಒಳಗಿದ್ದವರು ಕೈಯಿಂದಲೇ ಹೊರಗೆ ಉರುಳಿಸುವಂತೆ ಮಾಡಿದರು. ಅಬ್ಬಾ!

ಈಗ ಲೇಹ್‌ಗೆ ಬರೋಣ. 1948ರ ಫೆಬ್ರುವರಿ-ಮಾರ್ಚ್‌ನಲ್ಲಿ ಪೃಥ್ವಿ ಚಂದ್ ಎಂಬ ಲಾಹೌಲ್ ಮೂಲದ ಅಧಿಕಾರಿ ಬೆರಳೆಣಿಕೆಯ ಸೈನಿಕರೊಂದಿಗೆ ಹಿಮ ತುಂಬಿದ ಝೋಜಿ ಲಾವನ್ನು ಕಾಲ್ನಡಿಗೆಯಲ್ಲಿ ದಾಟಿ ಲೇಹ್ ಸೇರಿದ್ದರು. ಅಲ್ಲಿ ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಕಟ್ಟಿಕೊಂಡು ಸಿಂಧೂ ಕಣಿವೆಯಲ್ಲಿ ರನ್‌ವೇ ಸಿದ್ಧಪಡಿಸಿದರು. ಮೇ ತಿಂಗಳಲ್ಲಿ ಕಾರ್ಗಿಲ್ ಕೈತಪ್ಪಿತು. ಶತ್ರು ಲೇಹ್‌ನತ್ತ ಬರುತ್ತಿದ್ದಾನೆ, ಕಾಯಲು ಜನವಿಲ್ಲ, ನಡೆದು ಹೋಗುವಷ್ಟು ಸಮಯವಿಲ್ಲ.

ರನ್‌ವೇ ಏನೋ ಸಿದ್ಧ, ಆದರೆ ಅದು ಸಮುದ್ರಮಟ್ಟದಿಂದ 10,500 ಅಡಿಗೂ ಮೇಲೆ! ನಮ್ಮ ಮುಳ್ಳಯ್ಯನಗಿರಿಯ ತುದಿಯ ಮೇಲೆ ಚಾಮುಂಡಿ ಬೆಟ್ಟವನ್ನು ಬುಡಸಮೇತ ತಂದು ಕೂರಿಸಿದರೂ ಆ ರನ್‌ವೇ ಇನ್ನೂ ಮೇಲೇ ಉಳಿಯುತ್ತದೆ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ. ತೆಳುಗಾಳಿಯಲ್ಲಿ ರೆಕ್ಕೆ ಅಷ್ಟೇ ಭಾರ ಹೊರಬೇಕೆಂದರೆ ವೇಗ ಹೆಚ್ಚಬೇಕು; ಮಂಗಳೂರಿನಲ್ಲಿ ಇಳಿಯುವುದಕ್ಕಿಂತ ಐದನೇ ಒಂದು ಪಾಲು ಜಾಸ್ತಿ ವೇಗದಲ್ಲಿ ಚಕ್ರ ನೆಲ ಮುಟ್ಟುತ್ತದೆ. ನಿಲ್ಲಲು ಹೆಚ್ಚು ದೂರ ಬೇಕು. ಮತ್ತೆ ಏಳಲು ಇನ್ನೂ ಹೆಚ್ಚು, ಯಾಕೆಂದರೆ ಎಂಜಿನ್ನೂ ಅದೇ ತೆಳುಗಾಳಿಯನ್ನು ಉಸಿರಾಡುತ್ತ ಬಳಲಿರುತ್ತದೆ. ಡಕೋಟಾದ ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟರೆ? ಒಂದೇ ಎಂಜಿನ್ನಿನಲ್ಲಿ ಆ ಎತ್ತರ ಕಾಯ್ದುಕೊಳ್ಳುವ ಶಕ್ತಿ ತುಂಬಿದ ಡಕೋಟಾಕ್ಕೆ ಇಲ್ಲ. ದಾರಿಯಲ್ಲಿರುವ ಫೋಟು ಲಾ ಕಣಿವೆ ಬಾಗಿಲೇ 13,400 ಅಡಿ, ಅಕ್ಕಪಕ್ಕದ ಶಿಖರಗಳು ಅದಕ್ಕೂ ಎತ್ತರ. ಹೊತ್ತೇರಿದಂತೆ ಲೇಹ್ ಕಣಿವೆಯಲ್ಲಿ ಗಾಳಿ ಏಳುತ್ತದೆ. ಇವತ್ತಿಗೂ ಅಲ್ಲಿಗೆ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹೋಗಿಬರುವುದು ಅದಕ್ಕೇ.

ಇದೆಲ್ಲ ಮೆಹರ್ ಸಿಂಗ್‌ಗೆ ಗೊತ್ತಿರಲಿಲ್ಲವೇ? ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೊರಟರು. ಹಿಂದೆ ಕೂತ ಪ್ರಯಾಣಿಕ, ಶ್ರೀನಗರದ ಡಿವಿಷನ್ ಕಮಾಂಡರ್ ಮೇಜರ್ ಜನರಲ್ ತಿಮ್ಮಯ್ಯ! ನನಗೆ ಇಲ್ಲಿ ಒಂದು ತಕರಾರಿದೆ, ಹೇಳಿಬಿಡುತ್ತೇನೆ. ಆಕಾಶದ ಯುದ್ಧ ನಡೆಸುವವರು, ನೆಲದ ಯುದ್ಧ ನಡೆಸುವವರು, ಇಬ್ಬರೂ ಒಂದೇ ವಿಮಾನದಲ್ಲಿ, ಯಾರೂ ಹೋಗದ ದಾರಿಯಲ್ಲಿ! ಅದೆಲ್ಲಾದರೂ ಹಿಮದ ಗೋಡೆಗೆ ಬಡಿದಿದ್ದರೆ ಒಂದೇ ಏಟಿಗೆ ಕಾಶ್ಮೀರದ ಎರಡೂ ತಲೆ ಹೋಗುತ್ತಿತ್ತು. ಇದು ಶೌರ್ಯವೋ ಭಂಡಧೈರ್ಯವೋ ಎಂದು ಯಾವ ಯುದ್ಧಕಾಲೇಜಿನಲ್ಲಾದರೂ ದಿನವಿಡೀ ವಾದ ಮಾಡಬಹುದು. ಆದರೆ ಬೇರೆ ಯಾರನ್ನು ಕಳಿಸಬೇಕಿತ್ತು, ಹೇಳಿ. ಆಗುತ್ತದೋ ಇಲ್ಲವೋ ಗೊತ್ತಿಲ್ಲದ ಇಳಿತಕ್ಕೆ ಇನ್ನೊಬ್ಬರ ಮಗನನ್ನು ಕಳಿಸಲು ಅವರಿಗೆ ಮನಸ್ಸು ಬಂದಿರಲಾರದು ಎಂದು ನನ್ನ ಊಹೆ.

ಡಕೋಟಾ ಝೋಜಿ ಲಾ ದಾಟಿತು, ಫೋಟು ಲಾ ದಾಟಿತು, ಸಿಂಧೂ ಕಣಿವೆಗೆ ಇಳಿಯಿತು, ಲೇಹ್‌ನ ಮರಳಿನ ಮೇಲೆ ಚಕ್ರ ಊರಿ ನಿಂತಿತು. ಮುಂದಿನ ವಾರಗಳಲ್ಲಿ ಅದೇ ದಾರಿ ಹಿಡಿದು ಡಕೋಟಾಗಳು ಗೂರ್ಖಾ ಸೈನಿಕರನ್ನು ತಂದವು, ಲೇಹ್ ಉಳಿಯಿತು. ಲಡಾಖ್ ಇಂದು ನಮ್ಮ ನಕಾಶೆಯಲ್ಲಿ ಇರುವುದರ ಹಿಂದೆ ಪೃಥ್ವಿ ಚಂದ್ ಅವರ ಕಾಲುಗಳೂ ನೋರ್ಬು ಅವರ ರನ್‌ವೇಯೂ ಬಾಬಾ ಇಳಿಸಿದ ಆ ವಿಮಾನವೂ ಇವೆ.

ಸರಿ, ಇಂಥವರು ಮುಂದೆ ವಾಯುಪಡೆಯ ಮುಖ್ಯಸ್ಥರೇ ಆಗಿರಬೇಕು ಎಂದುಕೊಂಡು ನಾನು ಪುಟ ತಿರುವಿದೆ. ಇಲ್ಲ! ಲೇಹ್‌ನಲ್ಲಿ ಇಳಿದ ನಾಲ್ಕೇ ತಿಂಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1948ರ ಸೆಪ್ಟೆಂಬರ್‌ನಲ್ಲಿ ಮೆಹರ್ ಸಿಂಗ್ ವಾಯುಪಡೆಯಿಂದ ನಿವೃತ್ತರಾದರು. ಪೈಲಟ್ ಅಧಿಕಾರಿಯಿಂದ ಏರ್ ಕಮೊಡೋರ್‌ವರೆಗೆ ಇಡೀ ವೃತ್ತಿಜೀವನ ಬರೀ ಹನ್ನೆರಡು ವರ್ಷ. ಮಹಾವೀರ ಚಕ್ರ ಬಂದದ್ದು ಸಮವಸ್ತ್ರ ಕಳಚಿದ ಮೇಲೆ, 1950ರಲ್ಲಿ.

2018ರಲ್ಲಿ ವಾಯುಪಡೆ ಗುಂಪಾಗಿ ಹಾರುವ ಡ್ರೋನ್‌ಗಳನ್ನು ರೂಪಿಸುವ ಸ್ಪರ್ಧೆಯೊಂದನ್ನು ಶುರುಮಾಡಿ ಅದಕ್ಕೆ ‘ಮೆಹರ್ ಬಾಬಾ’ ಎಂದು ಹೆಸರಿಟ್ಟಿತು. ವಿಪತ್ತಿನಲ್ಲಿ ಸಿಲುಕಿದವರಿಗೆ ನೆರವಾಗುವ ಡ್ರೋನ್‌ಗಳು, ಅಂದರೆ ಪೂಂಛ್‌ನ ಕೆಲಸವೇ. ಒಳಗೆ ಪೈಲಟ್ ಮಾತ್ರ ಇರುವುದಿಲ್ಲ. ಬಾಬಾ ಒಪ್ಪುತ್ತಿದ್ದರೋ ಇಲ್ಲವೋ! ನಿವೃತ್ತಿಯ ನಂತರವೂ ಅವರು ವಿಮಾನವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. 1952ರ ಮಾರ್ಚ್‌ನಲ್ಲಿ ಜಮ್ಮುವಿನಿಂದ ದೆಹಲಿಗೆ ತಾವೇ ಹಾರಿಸಿಕೊಂಡು ಬರುತ್ತಿದ್ದಾಗ ರಾತ್ರಿಯ ಬಿರುಗಾಳಿಗೆ ಸಿಕ್ಕಿ ವಿಮಾನ ಬಿದ್ದಿತು.